ಒಂದೇ ಕಲ್ಲು, ಮೂರು ಮಣ್ಣು: ಹುಮನಾಬಾದಿನ ಇಳಿಜಾರು ಹೊಲದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹುಮನಾಬಾದ್ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಹೊಲ. ಗುಡ್ಡದ ತಲೆಯಿಂದ ಹಳ್ಳದವರೆಗೆ ಒಂದೇ ಇಳಿಜಾರು. ಮೇಲೆ ಕೆಂಪು ಮಣ್ಣು, ನಡುವೆ ಕಲ್ಲು ತುಂಬಿದ ಕಂದು ಮಣ್ಣು, ಕೆಳಗೆ ಕಪ್ಪು ಎರೆ. ಅಪ್ಪ ಎಲ್ಲ ಕಡೆ ತೊಗರಿ, ಸೋಯಾ ಹಾಕಿ ಒಂದೇ ಗೊಬ್ಬರ ಕೊಡುತ್ತಿದ್ದರು. ಕೆಳಗೆ ಚೆನ್ನಾಗಿ ಬರುತ್ತದೆ, ನಡುವೆ ಅರ್ಧವೂ ಬರುವುದಿಲ್ಲ. ಜ್ವಾಲಾಮುಖಿ ಕಲ್ಲಿನ ಮಣ್ಣು ಬಹಳ ಫಲವತ್ತು ಅಂತ ಓದಿದ್ದೇನೆ. ಹಾಗಿದ್ದರೆ ನಮ್ಮ ಹೊಲಕ್ಕೆ ಏನಾಗಿದೆ? ನಡುವಿನ ಎರಡು ಎಕರೆಗೆ ಕೆಳಗಿನ ಎರೆಯನ್ನೇ ಟ್ರ್ಯಾಕ್ಟರಿನಲ್ಲಿ ಹೊಡೆಸಿದರೆ ಸರಿಹೋಗುತ್ತದೆಯೇ? ಇನ್ನೊಂದು ಮಾತು. ಅದೇ ನಡುವಿನ ಹೊಲದಲ್ಲಿ ಒಂದು ಪಟ್ಟಿ ಮಾತ್ರ ದೀಪಾವಳಿವರೆಗೂ ಹಸಿಯಾಗಿರುತ್ತದೆ. ಯಾಕೆ? ಅಲ್ಲಿ ಗುಂಡಿ ತೋಡಿದರೆ ಒಂಬತ್ತು ಇಂಚಿಗೇ ಗರಸು ಸಿಕ್ಕಿತು. ಫೋಟೋ ಕಳಿಸಿದ್ದೇನೆ. ಅಲ್ಲಿನ ಕಲ್ಲಿನಲ್ಲಿ ಬಿಳಿ ಹರಳು ಸಿಗುತ್ತವೆ, ಮಕ್ಕಳು ಆಯುತ್ತಾರೆ. ಅದೇನು?

ಉತ್ತರ: ಟ್ರ್ಯಾಕ್ಟರಿನವರಿಗೆ ಆಗಲೇ ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿರದಿದ್ದರೆ ಸದ್ಯ ಬೇಡ ಅನ್ನಿ. ಕೆಳಗಿನ ಎರೆ ಎತ್ತಿ ನಡುವಿನ ಹೊಲಕ್ಕೆ ಸುರಿದರೆ ಎರಡೂ ಹೊಲ ಕೆಡುವ ಸಂಭವವೇ ಜಾಸ್ತಿ. ಯಾಕೆ ಅಂತ ತಿಳಿಯಲು ಆ ಮಣ್ಣುಗಳು ಹೇಗೆ ಹುಟ್ಟಿದವು ಅಂತ ನೋಡಬೇಕು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಹೊಲದ ಅಡಿಯಲ್ಲಿರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹೊರಬಂತು. ಒಂದು ಸಲ ಅಲ್ಲ, ಮತ್ತೆ ಮತ್ತೆ ಬಂತು. ಪದರದ ಮೇಲೆ ಪದರವಾಗಿ ಹರಡಿ ಆರಿ ಗಟ್ಟಿಯಾಯಿತು. ಅದೇ ದಖನ್ ಟ್ರ್ಯಾಪ್. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲ ಅದರ ಮೇಲಿದೆ. ಮಹಾರಾಷ್ಟ್ರದ ಬಹುಭಾಗ, ನಮ್ಮ ಕಡೆ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಭಾಗಗಳು ಅದರಲ್ಲಿ ಸೇರುತ್ತವೆ. ಟ್ರ್ಯಾಪ್ ಅನ್ನುವ ಹೆಸರು ಬಂದದ್ದು ಸ್ವೀಡಿಷ್ ಭಾಷೆಯ ಮೆಟ್ಟಿಲು ಅನ್ನುವ ಪದದಿಂದ. ನಿಮ್ಮ ಗುಡ್ಡವನ್ನು ದೂರದಿಂದ, ಪಕ್ಕದಿಂದ ನೋಡಿ. ಮೆಟ್ಟಿಲು ಕಾಣುತ್ತವೆ. ಗಟ್ಟಿ ಪದರ ಗೋಡೆಯಂತೆ ನಿಂತಿರುತ್ತದೆ, ಮೆದು ಪದರ ಸವೆದು ಹಾಸಿನಂತೆ ಚಾಚಿರುತ್ತದೆ. ಈ ಮೆಟ್ಟಿಲುಗಳನ್ನು ನೆನಪಿಟ್ಟುಕೊಳ್ಳಿ. ಹಸಿ ಪಟ್ಟಿಯ ಕಥೆಗೆ ಬೇಕಾಗುತ್ತದೆ.

ಈಗ ನೀವು ಓದಿದ ಫಲವತ್ತು ಮಾತು. ಅದು ಸುಳ್ಳಲ್ಲ, ಆದರೆ ಬೇರೆಯವರ ಊರಿನ ನಿಜ. ಜಾವಾ ದ್ವೀಪದ ಜ್ವಾಲಾಮುಖಿಗಳ ಮಗ್ಗುಲಲ್ಲಿ ಬೂದಿ ಬಿದ್ದು ಆದ ಮಣ್ಣಿದೆ. ಬೂದಿ ಅಂದರೆ ಗಾಜಿನ ಪುಡಿ ಇದ್ದ ಹಾಗೆ. ಬೇಗ ಕರಗುತ್ತದೆ, ಪೋಷಕಾಂಶ ಬಿಟ್ಟುಕೊಡುತ್ತದೆ. ಆ ಮಣ್ಣು ಹಗುರ, ಕೈಯಲ್ಲಿ ಹಿಡಿದರೆ ಹಿಟ್ಟಿನಂತೆ ಇರುತ್ತದೆ. ಮೇಲಿಂದ ಆಗಾಗ ಹೊಸ ಬೂದಿಯೂ ಬೀಳುತ್ತಿರುತ್ತದೆ. ನಮ್ಮಲ್ಲಿ ಕೊನೆಯ ಲಾವಾ ಆರಿ ಕೋಟ್ಯಂತರ ವರ್ಷ ಆಯಿತು. ನಮ್ಮದು ಬೂದಿಯೂ ಅಲ್ಲ, ಗಟ್ಟಿ ಕಲ್ಲು. ಲಾವಾ ಅಂದ ಮಾತ್ರಕ್ಕೆ ಫಲವತ್ತು ಅಲ್ಲ ಅನ್ನುವುದಕ್ಕೆ ಹವಾಯಿ ದ್ವೀಪಗಳೇ ಸಾಕ್ಷಿ. ಅಲ್ಲೂ ಇರುವುದು ಬಸಾಲ್ಟೇ. ಹೊಸ ದ್ವೀಪದ ಮಣ್ಣಿನಲ್ಲಿ ಇನ್ನೂ ಸತ್ವವಿದೆ. ಸುಮಾರು 40 ಲಕ್ಷ ವರ್ಷ ಹಳೆಯ ಕವಾಯಿ ದ್ವೀಪದಲ್ಲಿ ಮಳೆ ಎಲ್ಲವನ್ನೂ ತೊಳೆದುಬಿಟ್ಟಿದೆ. ಅಲ್ಲಿನ ಕಾಡಿಗೆ ಸಿಗುವ ರಂಜಕದ ದೊಡ್ಡ ಪಾಲು ಏಷ್ಯಾದಿಂದ ಗಾಳಿಯಲ್ಲಿ ಹಾರಿ ಬರುವ ದೂಳಿನದು. ಕಲ್ಲು ಒಂದೇ ಇದ್ದರೂ ಅದರ ಮೇಲೆ ಎಷ್ಟು ನೀರು ಎಷ್ಟು ಕಾಲ ಹರಿಯಿತು ಅನ್ನುವುದರ ಮೇಲೆ ಮಣ್ಣಿನ ಗುಣ ನಿಂತಿದೆ.

ನಿಮ್ಮ ಆರು ಎಕರೆಯಲ್ಲೂ ಆಗಿರುವುದು ಅದೇ, ಸಣ್ಣ ಅಳತೆಯಲ್ಲಿ.

ಬಸಾಲ್ಟ್ ಕಲ್ಲಿನಲ್ಲಿ ಸುಣ್ಣದ ಅಂಶ, ಮೆಗ್ನೀಷಿಯಂ, ಕಬ್ಬಿಣ ಧಾರಾಳವಾಗಿವೆ. ಮರಳಾಗುವಂಥ ಬೆಣಚು ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗ್ರಾನೈಟ್ ಕಲ್ಲು ಪುಡಿಯಾದರೆ ಮರಳು ಉಳಿಯುತ್ತದೆ. ಕೋಲಾರದ ಹೊಲ ನೋಡಿದವರಿಗೆ ಗೊತ್ತು. ಬಸಾಲ್ಟ್ ಕೊಳೆತರೆ ಕೊನೆಗೆ ಉಳಿಯುವುದು ಜೇಡಿ, ಕಬ್ಬಿಣದ ತುಕ್ಕು, ಸುಣ್ಣ. ಕಲ್ಲು ಕೊಳೆಯುವುದನ್ನು ನಿಮ್ಮ ಹೊಲದಲ್ಲೇ ನೋಡಬಹುದು. ರಸ್ತೆಗೆ ಗುಡ್ಡ ಕಡಿದ ಕಡೆ ದುಂಡು ಕಲ್ಲುಗಳು ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಚ್ಚಿಕೊಂಡಿರುತ್ತವೆ. ಒಳಗೆ ಕರಿಕಲ್ಲು, ಹೊರಗೆ ಹಳದಿ ಕಂದು ಬಣ್ಣದ ಪುಡಿ. ಆ ಪುಡಿಯೇ ನಾವು ಗರಸು, ಮುರುಮ್ ಅನ್ನುವುದು. ಅದು ಇನ್ನೂ ಮಣ್ಣಲ್ಲ, ಕಲ್ಲೂ ಅಲ್ಲ.

ಇಲ್ಲಿಂದ ಮುಂದಿನ ಕೆಲಸ ನೀರಿನದು. ಚಹಾ ಸೋಸುವುದನ್ನು ನೆನಪಿಸಿಕೊಳ್ಳಿ. ಪುಡಿಯ ಮೇಲೆ ನೀರು ಹಾಯುತ್ತಲೇ ಇದ್ದರೆ ಸತ್ವವೆಲ್ಲ ಇಳಿದು ಹೋಗಿ ಮೇಲೆ ಚರಟ ಉಳಿಯುತ್ತದೆ. ಗುಡ್ಡದ ತಲೆಯಲ್ಲಿ ಮಳೆ ನೀರು ನಿಲ್ಲುವುದಿಲ್ಲ. ಇಂಗಿ, ಜಾರಿ, ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಎಲ್ಲವನ್ನೂ ಕರಗಿಸಿಕೊಂಡು ಕೆಳಗೆ ಹೋಗುತ್ತದೆ. ಕರಗದ ಕಬ್ಬಿಣ ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ಅದಕ್ಕೇ ಕೆಂಪು. ಸಿಲಿಕಾ ಕಡಿಮೆಯಾದ ಕಡೆ ಹುಟ್ಟುವ ಜೇಡಿಗೆ ಕೆಯೋಲಿನೈಟ್ ಅಂತ ಹೆಸರು. ಅದು ಊದಿಕೊಳ್ಳುವುದಿಲ್ಲ, ಗೊಬ್ಬರವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಮೇಲಿಂದ ಬಂದ ಆ ಸತ್ವವೆಲ್ಲ ಹಳ್ಳದ ಪಕ್ಕ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಕರಗಿದ್ದದ್ದು ಉಳಿಯುತ್ತದೆ. ಸಿಲಿಕಾ, ಸುಣ್ಣ, ಮೆಗ್ನೀಷಿಯಂ ಒಟ್ಟಿಗೆ ಇದ್ದಾಗ ಬೇರೆ ಜಾತಿಯ ಜೇಡಿ ಹುಟ್ಟುತ್ತದೆ. ಅದು ಸ್ಮೆಕ್ಟೈಟ್. ಹಸಿಯಾದರೆ ಊದುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಮ್ಮ ಎರೆ ಅಂದರೆ ಅದೇ. ಮೇಲಿನ ಹೊಲ ಚರಟವಾದರೆ ಕೆಳಗಿನದು ಡಿಕಾಕ್ಷನ್.

ಆದರೆ ಬೀದರ್, ಹುಮನಾಬಾದ್ ಕಡೆಯ ಗುಡ್ಡದ ತಲೆಗೆ ಇನ್ನೊಂದು ವಿಶೇಷವಿದೆ. ನೀವು ಕಳಿಸಿದ ಫೋಟೋದಲ್ಲಿ ಮೇಲಿನ ಹೊಲದ ಕಲ್ಲು ಕೆಂಪಾಗಿ, ತೂತು ತೂತಾಗಿ ಇದೆ. ಅದು ಜಂಬಿಟ್ಟಿಗೆ ಕಲ್ಲು. ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಇದನ್ನು ನೋಡಿ, 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟರು. ಇಂಥ ಕಲ್ಲು ಈಗಿನ ಬೀದರಿನ 850 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಆಗುವುದಲ್ಲ. ಬಹಳ ಹಿಂದೆ, ಮಳೆ ಹೆಚ್ಚಿದ್ದ ಕಾಲದಲ್ಲಿ, ಬಸಾಲ್ಟಿನ ಮೇಲ್ಭಾಗ ಕೊಳೆತು ಕೊಳೆತು ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದು ಆದದ್ದು. ಆಮೇಲೆ ಹಳ್ಳಗಳು ಕೊರೆದವು, ತಲೆಯ ಮೇಲೆ ಟೋಪಿಯಂತೆ ಇದು ಉಳಿಯಿತು. ಹಾಗಾಗಿ ನಿಮ್ಮ ಮೇಲಿನ ಹೊಲ ಮತ್ತು ಕೆಳಗಿನ ಹೊಲ ಅಣ್ಣತಮ್ಮಂದಿರಲ್ಲ, ತಾತ ಮೊಮ್ಮಗ.

ಬೀದರ್ ಕೋಟೆ ನಿಂತಿರುವುದು ಇದೇ ಟೋಪಿಯ ಮೇಲೆ. ಬಿದ್ರಿ ಕೆಲಸದವರು ಸಾಮಾನಿಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಒಳಗಿನ ಹಳೇ ಮಣ್ಣನ್ನೇ ನವಸಾಗರದ ಜೊತೆ ಕುದಿಸುತ್ತಾರೆ. ನಿಮ್ಮ ಪ್ರಶ್ನೆಗೆ ಇದರಿಂದ ಉಪಯೋಗವಿಲ್ಲ, ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

ಉಪಯೋಗವಿರುವುದು ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿಯಿಂದ. ಬಹಮನಿ ಕಾಲದ ಆ ಕೆಲಸಗಾರರಿಗೆ ಈ ನೆಲ ಚೆನ್ನಾಗಿ ಗೊತ್ತಿತ್ತು. ತೂತು ತೂತಿನ ಜಂಬಿಟ್ಟಿಗೆಯಲ್ಲಿ ಮಳೆ ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗಿನ ಜೇಡಿ ಮತ್ತು ಬಸಾಲ್ಟ್ ಸಿಕ್ಕ ಕೂಡಲೇ ಮುಂದೆ ಇಳಿಯಲಾಗದೆ ಅಡ್ಡ ಹರಿಯುತ್ತದೆ. ಆ ಅಡ್ಡ ನೀರನ್ನೇ ಅವರು ಸುರಂಗ ತೋಡಿ ಊರಿಗೆ ತಂದರು. ನಿಮ್ಮ ಹಸಿ ಪಟ್ಟಿಯೂ ಬಹುತೇಕ ಅದೇ. ಮೇಲಿನ ಹೊಲದಲ್ಲಿ ಇಂಗಿದ ನೀರು ಪದರ ಬದಲಾಗುವ ಜಾಗದಲ್ಲಿ ಹೊರಗೆ ಜಿನುಗುತ್ತಿದೆ. ಇನ್ನೊಂದು ಸಾಧ್ಯತೆ ಇದೆ. ಎರಡು ಲಾವಾ ಪದರಗಳ ನಡುವೆ ಕೆಲವು ಕಡೆ ಇಟ್ಟಿಗೆ ಬಣ್ಣದ ಜೇಡಿ ಪಟ್ಟಿ ಇರುತ್ತದೆ. ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಪಕ್ಕದವರ ತೆರೆದ ಬಾವಿಗೆ ಇಣುಕಿ ನೋಡಿ. ಗೋಡೆಯಲ್ಲಿ ಕೆಂಪು ಗೆರೆ ಅಡ್ಡಲಾಗಿ ಹೋಗಿದ್ದು, ಅದರ ಮೇಲಿಂದ ನೀರು ಒಸರುತ್ತಿದ್ದರೆ ಅದೇ ಕಾರಣ. ಯಾವುದೇ ಆಗಿರಲಿ, ನಿಮಗೆ ಲಾಭ. ಪಟ್ಟಿಯ ಮೇಲಂಚಿಗೆ ಒಂದೂವರೆ ಎರಡು ಅಡಿ ಆಳದ ಕಾಲುವೆ ತೆಗೆದು, ಸ್ವಲ್ಪವೇ ವಾಟ ಕೊಟ್ಟು, ಒಂದು ಮೂಲೆಯ ಹೊಂಡಕ್ಕೆ ನೀರು ಬಿಡಿ. ಗರಸಿನಲ್ಲಿ ತೋಡಿದ ಹೊಂಡ ಸೋರುತ್ತದೆ, ತಾಡಪಾಲು ಹಾಸಲೇಬೇಕು. ಹಸಿ ಇದೆ ಅಂತ ಅಲ್ಲಿ ಬೋರ್‌ವೆಲ್ ಕೊರೆಸಲು ಹೋಗಬೇಡಿ. ಆ ನೀರು ಮೇಲ್ಮೈಯದು, ಇನ್ನೂರು ಅಡಿ ಕೆಳಗಿನದಲ್ಲ.

ಇನ್ನು ನಡುವಿನ ಹೊಲ. ನಿಮ್ಮ ತಲೆನೋವಿನ ಜಾಗ. ಇಲ್ಲಿ ಮಣ್ಣು ಕೆಟ್ಟದ್ದಲ್ಲ, ಕಡಿಮೆ ಅಷ್ಟೇ. ಇಳಿಜಾರು ಜಾಸ್ತಿ ಇರುವ ಕಡೆ ಕಲ್ಲು ಕೊಳೆತು ಮಣ್ಣಾಗುವ ವೇಗಕ್ಕಿಂತ ಮಳೆ ಅದನ್ನು ಒಯ್ಯುವ ವೇಗ ಹೆಚ್ಚು. ಒಂದು ಸೆಂಟಿಮೀಟರ್ ಮಣ್ಣಾಗಲು ನೂರಾರು ವರ್ಷ ಬೇಕು. ಅದನ್ನು ಕಳೆದುಕೊಳ್ಳಲು ಒಂದೆರಡು ಮುಂಗಾರು ಸಾಕು. ಮೇಲಿನಿಂದ ಕೆಳಕ್ಕೆ ಕೂರಿಗೆ ಹೊಡೆಯುವ ಹೊಲದಲ್ಲಂತೂ ಪ್ರತಿ ಸಾಲೂ ಒಂದು ಪುಟ್ಟ ಕಾಲುವೆ.

ಲೆಕ್ಕ ಹಾಕಿ ನೋಡೋಣ. ನೀವು ತೋಡಿದ ಗುಂಡಿಯಲ್ಲಿ ಒಂಬತ್ತು ಇಂಚಿಗೆ ಗರಸು ಸಿಕ್ಕಿದೆ ಅಂದಿದ್ದೀರಿ. ಆ ಒಂಬತ್ತು ಇಂಚಿನಲ್ಲಿ ಮೂರನೇ ಒಂದು ಭಾಗ ಕಲ್ಲು. ಅಷ್ಟು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಟ್ಟುಕೊಳ್ಳುವ ನೀರು ಸುಮಾರು 20ರಿಂದ 25 ಮಿಲಿಮೀಟರ್. ತುಂಬು ಬೆಳೆ ದಿನಕ್ಕೆ 5 ಮಿಲಿಮೀಟರಿನಷ್ಟು ಕುಡಿಯುತ್ತದೆ. ಅಂದರೆ ಮಳೆ ನಿಂತ ಐದನೇ ದಿನಕ್ಕೆ ಎಲೆ ಬಾಡಲು ಶುರು. ಕೆಳಗಿನ ಎರೆಯಲ್ಲಿ ನಾಲ್ಕಡಿ ಆಳ ಮಣ್ಣಿದ್ದರೆ ಅದು 180 ಮಿಲಿಮೀಟರಿನ ಮೇಲೆ ಹಿಡಿದಿರುತ್ತದೆ. ಒಂದು ತಿಂಗಳು ದಾಟಿಸುತ್ತದೆ. ಆಗಸ್ಟಿನಲ್ಲಿ ಹದಿನೈದು ದಿನ ಮಳೆ ಕೈಕೊಟ್ಟರೆ ನಡುವೆ ಸೋಯಾ ಸುಟ್ಟು ಕೆಳಗೆ ಹಸಿರಾಗಿರುವುದು ಗೊಬ್ಬರದ ವ್ಯತ್ಯಾಸದಿಂದಲ್ಲ. ಎರಡು ಕಡೆಯ ಕೊಡದ ಗಾತ್ರವೇ ಬೇರೆ. ನಿಮ್ಮ ಅಪ್ಪ ನಡುವೆ ಎಷ್ಟೇ ಗೊಬ್ಬರ ಹಾಕಿದ್ದರೂ ಅದು ಸಣ್ಣ ಕೊಡಕ್ಕೆ ದೊಡ್ಡ ಮುಚ್ಚಳ ಇಟ್ಟ ಹಾಗೆ.

ಹಾಗಾದರೆ ಎರೆ ತಂದು ಕೊಡ ದೊಡ್ಡದು ಮಾಡಿದರೆ ಆಗದೇ ಅಂತ ಕೇಳುತ್ತೀರಿ, ಅಲ್ವಾ? ಮೊದಲನೆಯದಾಗಿ, ಬದುವಿಲ್ಲದ ಇಳಿಜಾರಿಗೆ ಹಾಕಿದ ಸಡಿಲ ಮಣ್ಣು ಎರಡು ದೊಡ್ಡ ಮಳೆಗೆ ಮತ್ತೆ ಹಳ್ಳ ಸೇರುತ್ತದೆ. ಬಾಡಿಗೆ ಮಾತ್ರ ನಿಮ್ಮ ಪಾಲಿಗೆ. ಅದಕ್ಕಿಂತ ದೊಡ್ಡದು ಕೆಳಗಿನ ಹೊಲದ ನಷ್ಟ. ಎರೆಯ ಮೇಲಿನ ಒಂದಡಿ ತೆಗೆದರೆ ಅಡಿಯಿಂದ ಸುಣ್ಣದ ಹರಳು ತುಂಬಿದ ಮಣ್ಣು ಮೇಲೆ ಬರುತ್ತದೆ. ಅದರಲ್ಲಿ ಬೆಳೆ ಹಳದಿಯಾಗುತ್ತದೆ, ಮತ್ತೆ ಹದಕ್ಕೆ ಬರಲು ವರ್ಷಗಳು ಬೇಕು. ಎರೆ ಕಪ್ಪಗಿದೆ ಅಂದ ಮಾತ್ರಕ್ಕೆ ಅದರಲ್ಲಿ ಸಾವಯವ ಅಂಶ ತುಂಬಿದೆ ಅಂದುಕೊಳ್ಳಬೇಡಿ. ಬಹಳ ಹೊಲಗಳಲ್ಲಿ ಸಾವಯವ ಇಂಗಾಲ ಅರ್ಧ ಶೇಕಡದ ಆಸುಪಾಸಿನಲ್ಲೇ ಇರುತ್ತದೆ. ಇರುವ ಆ ಸ್ವಲ್ಪವೂ ಮೇಲಿನ ಪದರದಲ್ಲೇ.

ಮಣ್ಣು ಹೊರಿಸಲೇಬೇಕು ಅಂದರೆ ಕೆರೆ ಹೂಳು ತನ್ನಿ. ಅದು ಮೇಲಿನ ಹೊಲಗಳಿಂದಲೇ ಹೋದ ಮಣ್ಣು, ವಾಪಸ್ ತಂದಂತೆ. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹಾಕಲು ಸುಮಾರು 40 ಘನ ಮೀಟರ್ ಬೇಕು. ಒಂದು ಟ್ರಾಲಿಗೆ ಮೂರು ಘನ ಮೀಟರ್ ಅಂತ ಹಿಡಿದರೆ 13-14 ಟ್ರಾಲಿ. ಒಂದು ಇಂಚಿಗೆ 34ರ ಸುಮಾರು. ಎರಡು ಎಕರೆಗೆ ಒಂದು ಇಂಚು ಅಂದರೆ ಎಷ್ಟು ಖರ್ಚು ಅಂತ ನೀವೇ ಗುಣಿಸಿ. ನನ್ನ ಕೇಳಿದರೆ ಮೊದಲ ವರ್ಷ ಆ ದುಡ್ಡನ್ನು ಬದುವಿಗೆ ಹಾಕಿ. ಬದು ನಿಂತ ಮೇಲೆ ಪ್ರತಿ ಬೇಸಿಗೆ ಸ್ವಲ್ಪ ಸ್ವಲ್ಪ ಹೂಳು ಹೊಡೆಸಿ. ಹೂಳಿನ ಒಂದು ಸ್ಯಾಂಪಲ್ ಮೊದಲೇ ಪರೀಕ್ಷೆ ಮಾಡಿಸಿ, ಸವಳಿದ್ದರೆ ಬೇಡ.

ಬದು ಸಮಪಾತಳಿಗೆ, ಅಂದರೆ ಉದ್ದಕ್ಕೂ ಒಂದೇ ಎತ್ತರದಲ್ಲಿ ಇರಬೇಕು, ಕಣ್ಣಳತೆಗೆ ಅಲ್ಲ. ಗೌಂಡಿಗಳ ಹತ್ತಿರ ಇರುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಇಬ್ಬರು ಹಿಡಿದುಕೊಂಡು ಸುಣ್ಣದ ಗೆರೆ ಹಾಕಿ. ಹೊಲದ ಕಲ್ಲು ಆಯ್ದು ಬದುವಿನ ಕೆಳಮಗ್ಗುಲಿಗೆ ಇಡಿ. ಎಲ್ಲ ಕಲ್ಲೂ ಆಯಬೇಡಿ. ಮೇಲ್ಮೈಯ ಸಣ್ಣ ಕಲ್ಲು ಮಳೆ ಹನಿಯ ಹೊಡೆತ ತಡೆಯುತ್ತದೆ, ಹಸಿಯನ್ನೂ ಕಾಯುತ್ತದೆ. ಬದುವಿನ ಮೇಲೆ ಹಸಿರೆಲೆ ಗೊಬ್ಬರದ ಗಿಡ ಗ್ಲಿರಿಸಿಡಿಯಾ ನೆಟ್ಟರೆ ಸೊಪ್ಪು ಹೊಲಕ್ಕೇ ಬೀಳುತ್ತದೆ. ಬೆಳೆಗೆ ಹೆಸರು, ಉದ್ದು, ಬೇಗ ಮುಗಿಯುವ ತೊಗರಿ ತಳಿ. ಬೇಗ ಕೈಗೆ ಬರುವಂಥದ್ದು ಸಣ್ಣ ಕೊಡಕ್ಕೆ ಹೊಂದುತ್ತದೆ. ಸೋಯಾ ಅಲ್ಲಿಂದ ತೆಗೆಯಿರಿ.

ಕೆಳಗಿನ ಹೊಲಕ್ಕೆ ಮಾತ್ರ ಇದೇ ಬದು ಹಾಕಿಸಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಪುಸ್ತಕದಲ್ಲಿದ್ದಂತೆ ಒಬ್ಬ ರೈತರ ಆಳ ಎರೆಗೆ ಸಮಪಾತಳಿ ಬದು ಹಾಕಿಸಿದೆ. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟಿತು. ಆಗಸ್ಟಿನಲ್ಲಿ ಹಿಂದೆ ನೀರು ನಿಂತು ತೊಗರಿ ಕೊಳೆಯಿತು, ಆಮೇಲೆ ಬಿರುಕಿನಲ್ಲಿ ನೀರು ನುಗ್ಗಿ ಬದು ಒಡೆದು ಕೆಳಗಿನವರ ಹೊಲವನ್ನೂ ಕೊಚ್ಚಿತು. ಆ ಹಿರಿಯರು ಬೈಯಲಿಲ್ಲ. "ಸಾಹೇಬ್ರ, ಎರಿಗೆ ನೀರ್ ಕುಡಸ್ಬೇಕು, ಮುಳಗಸ್ಬಾರ್ದು" ಅಂದರು. ಎರೆಯಲ್ಲಿ ಮೊದಲ ಮಳೆ ಬಿರುಕಿನೊಳಗೆ ಗಟಗಟನೆ ಇಳಿಯುತ್ತದೆ. ಜೇಡಿ ಊದಿ ಬಿರುಕು ಮುಚ್ಚಿಕೊಂಡ ಮೇಲೆ ಒಂದು ತೊಟ್ಟೂ ಇಳಿಯುವುದಿಲ್ಲ. ಹಾಗಾಗಿ ಸ್ವಲ್ಪ ವಾಟವಿರುವ ಬದು, ಕೊನೆಯಲ್ಲಿ ಹುಲ್ಲು ಬೆಳೆಸಿದ ಕಾಲುವೆ ಬೇಕು. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಅಗಲ ಮಡಿ ಮತ್ತು ಸಾಲು ಪದ್ಧತಿಯನ್ನು ರೂಢಿಗೆ ತಂದಿತು. ಸುಮಾರು ಒಂದು ಮೀಟರ್ ಅಗಲದ ಮಡಿ, ಪಕ್ಕದಲ್ಲಿ ಅರ್ಧ ಮೀಟರಿನ ಸಾಲು. ಬೆಳೆ ಮಡಿಯ ಮೇಲೆ, ಹೆಚ್ಚಿನ ನೀರು ಸಾಲಿನಲ್ಲಿ. ಸೋಯಾಕ್ಕೆ ಚೆನ್ನಾಗಿ ಹೊಂದುತ್ತದೆ. ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ.

ಗೊಬ್ಬರ ಮೂರು ಕಡೆ ಮೂರು ಥರ. ಕೆಳಗಿನ ಎರೆಯ ಪಿಎಚ್ ಸಾಮಾನ್ಯವಾಗಿ 8 ದಾಟಿರುತ್ತದೆ, ಅಂದರೆ ಮಣ್ಣು ಕ್ಷಾರದ ಕಡೆಗಿರುತ್ತದೆ. ಪೊಟ್ಯಾಷ್ ಸಾಕಷ್ಟಿರುತ್ತದೆ, ರಂಜಕವನ್ನು ಸುಣ್ಣ ಹಿಡಿದಿಡುತ್ತದೆ, ಸತು ಬೆಳೆಗೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಸತು ಕಡಿಮೆ ಬಂದರೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಕೊಡಿ, ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಬೇಡಿ. ಮೇಲಿನ ಕೆಂಪು ಹೊಲದಲ್ಲೂ ರಂಜಕ ಸಿಗುವುದಿಲ್ಲ, ಆದರೆ ಅಲ್ಲಿ ಹಿಡಿದಿಡುವುದು ಸುಣ್ಣವಲ್ಲ, ಕಬ್ಬಿಣ. ಅಲ್ಲಿ ಡಿಎಪಿಯನ್ನು ಎರಚಬೇಡಿ. ಬೀಜದ ಸಾಲಿನ ಪಕ್ಕದಲ್ಲೇ, ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ. ಯೂರಿಯಾ ಒಂದೇ ಸಲ ಸುರಿದರೆ ಮಳೆಗೆ ಇಳಿದು ಹೋಗುತ್ತದೆ, ಎರಡು ಮೂರು ಕಂತಿನಲ್ಲಿ ಕೊಡಿ. ನಿಜ ಹೇಳಬೇಕೆಂದರೆ ಮೇಲಿನ ಹೊಲವನ್ನು ಸೀತಾಫಲಕ್ಕೋ ಮಾವಿಗೋ ಬಿಡುವುದು ಒಳ್ಳೆಯದು. ಹೊಂಡದ ನೀರು ಕೈಗೆ ಬಂದರೆ ನಮ್ಮ ಬೀದರಿನ ಶುಂಠಿಯನ್ನೂ ಅರ್ಧ ಎಕರೆ ನೋಡಬಹುದು. ನೀರು ನಿಲ್ಲದ ಕೆಂಪು ಮಣ್ಣು ಅದಕ್ಕೆ ಇಷ್ಟ.

ನಡುವಿನ ಹೊಲದ ಕಲ್ಲಿನಲ್ಲಿ ಬಿಳಿ ಹರಳು ಸಿಗುತ್ತವೆ, ಮಕ್ಕಳು ಆಯುತ್ತಾರೆ ಅಂತ ಕೊನೆಗೆ ಬರೆದಿದ್ದೀರಿ. ಲಾವಾ ಆರುವಾಗ ಒಳಗಿದ್ದ ಗಾಳಿಗುಳ್ಳೆಗಳು ಆಮೇಲೆ ತುಂಬಿಕೊಂಡದ್ದು ಅದು. ಕೆಲವು ಬೆಣಚು, ಕೆಲವು ಸುಣ್ಣದ ಹರಳು, ಕೆಲವು ಜಿಯೋಲೈಟ್. ಜಿಯೋಲೈಟ್ ಕೊಳೆಯುವಾಗ ಮಣ್ಣಿಗೆ ಸುಣ್ಣದ ಅಂಶ ಬಿಟ್ಟುಕೊಡುತ್ತಲೇ ಇರುತ್ತದೆ. ಮಳೆ ಜಾಸ್ತಿ ಇರುವ ಪಶ್ಚಿಮದ ಗುಡ್ಡಗಳಲ್ಲೂ ಅಲ್ಲಲ್ಲಿ ಎರೆ ಉಳಿದಿರುವುದು ಇದರಿಂದ ಅಂತ ನಾಗಪುರದ ಮಣ್ಣು ಸಮೀಕ್ಷಾ ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ಮಾರುವಷ್ಟು ಬೆಲೆ ನಿಮ್ಮ ಹರಳಿಗೆ ಇರುವ ಹಾಗೆ ಫೋಟೋದಲ್ಲಿ ಕಾಣಲಿಲ್ಲ. ಮಕ್ಕಳಿಗೇ ಇರಲಿ.

ಈಗ ನೀವು ಮಾಡಬೇಕಾದದ್ದು. ಏಪ್ರಿಲಿನಲ್ಲಿ, ಹೊಲ ಖಾಲಿ ಇರುವಾಗ, ಮೂರು ಕಡೆ ಮೂರು ಗುಂಡಿ ತೋಡಿ. ಮೂರಡಿ ಆಳ, ಅಥವಾ ಕಲ್ಲು ಸಿಗುವವರೆಗೆ. ಕೆಳಗಿನ ಗುಂಡಿಯ ಗೋಡೆಯಲ್ಲಿ ಉಜ್ಜಿ ಹೊಳಪು ಬರಿಸಿದಂಥ ಓರೆ ಮೈ ಕಂಡರೆ, ಅದು ಮಣ್ಣು ಊದಿ ಒಂದರ ಮೇಲೊಂದು ಜಾರಿದ ಗುರುತು. ಅಂಥ ಜಾಗದಲ್ಲಿ ಪಂಪ್ ಮನೆ ಕಟ್ಟಬೇಡಿ, ಗೋಡೆ ಸೀಳುತ್ತದೆ. ಗರಸಿನ ಮೇಲೆ ಕಟ್ಟಿ. ಪ್ರತಿ ಗುಂಡಿಯಿಂದ ಒಂದು ಹಿಡಿ ಮಣ್ಣಿಗೆ ಸ್ವಲ್ಪ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣವಿದೆ. ಯಾವ ಆಳದಲ್ಲಿ ಬಂತು ಅಂತ ಬರೆದಿಡಿ. ಮೂರೂ ಹೊಲದ ಮಣ್ಣನ್ನು ಬೆರೆಸದೆ, ಬೇರೆ ಬೇರೆ ಚೀಲದಲ್ಲಿ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಒಂದೇ ಸರ್ವೆ ನಂಬರ್ ಅಂತ ಒಂದೇ ಸ್ಯಾಂಪಲ್ ಸಾಕು ಅಂದಾರು. ಒಪ್ಪಬೇಡಿ. ರಿಪೋರ್ಟ್ ಬಂದ ಮೇಲೆ ಮೂರು ಗುಂಡಿಗಳ ಫೋಟೋ ಜೊತೆ ನನಗೆ ಕಳಿಸಿ. ಗೋಡೆಗೆ ಒಂದು ಅಳತೆ ಪಟ್ಟಿ ಒರಗಿಸಿ ತೆಗೆಯಿರಿ, ಹೋದ ಸಲದ ಫೋಟೋದಲ್ಲಿ ಆಳ ಗೊತ್ತಾಗಲೇ ಇಲ್ಲ.